ಬಿಳಿ ಅರಿವೆಯ ತುಂಡು

ಗಜೇಂದ್ರಗಡ
9 ಜೂನ್ 2025

ಭುವನಾ,

ನನ್ನ ಮಗ್ಗಕ್ಕೆ ಕಟ್ಟಿದ ನಿನ್ನ ಪೆಟ್ಟಿಗೆಯನ್ನು ವಾಪಸ್ ಒಯ್ಯಿ. ಕ್ಷೇಮ ಸಮಾಚಾರ ಕೆಳಗೆ ಬರೆಯುತ್ತೇನೆ, ಮೊದಲು ಇದು.

ಮೊನ್ನೆ ಶುಕ್ರವಾರ ಸುದೀಪ "ಅಕ್ಕ ಹೊಸಾ ಪ್ರೋಗ್ರಾಮು ಕಳಿಸ್ಯಾಳಪ್ಪಾ, ಹಾಕ್ತೀನಿ" ಎಂದು ತನ್ನ ಫೋನನ್ನು ಪೆಟ್ಟಿಗೆಗೆ ಜೋಡಿಸಿ ಏನೋ ಒತ್ತಿದ. ಆಗ ಮಗ್ಗದ ಮೇಲೆ ಅರ್ಧ ಸೀರೆ ಇತ್ತು. ನಾನು ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತು ಲಾಳಿ ಓಡಿಸಿದೆ. ಒಂದು ಗೇಣು ನೇಯ್ದು ನೋಡುತ್ತೇನೆ, ಸೀರೆಯ ದಡಿಯಲ್ಲಿ ಮೂಡುವ ಗೋಪುರದ ಚಿತ್ರ ಪಕ್ಕಕ್ಕೆ ಸರಿದಿದೆ. ತುದಿಯೆಲ್ಲ ಕುಡಿದವನ ರುಮಾಲಿನ ಹಾಗೆ ವಾಲಿಕೊಂಡಿದೆ. ಆ ಒಂದು ಗೇಣನ್ನು ಬಿಚ್ಚುವುದಕ್ಕೆ ನನಗೂ ನಿನ್ನ ದೊಡ್ಡವ್ವ ದ್ರಾಕ್ಷಾಯಣಿಗೂ ಇಡೀ ದಿನ ಹಿಡಿಯಿತು. ಎಳೆ ಬಿಚ್ಚುತ್ತ ಅವಳು ಅಂದಳು, "ನೀವು ನೇಯೂದಕ್ಕಿಂತ ಬಯ್ಯೂದ ಲಗೂ ಮಾಡ್ತೀರಿ."

ಸುದೀಪ ನಿನಗೆ ಫೋನ್ ಮಾಡಿದಾಗ "ನೇಯೂದರಾಗ ನಾ ಏನೂ ಬದಲ ಮಾಡಿಲ್ಲ" ಅಂದೆಯಂತೆ. ನೀನು ಬದಲು ಮಾಡಿಲ್ಲ, ನಾನು ಬದಲು ಮಾಡಿಲ್ಲ, ಹಾಗಾದರೆ ಗೋಪುರಕ್ಕೆ ತಾನಾಗಿ ನಿದ್ದೆ ಬಂತೇನು?

ನಾನು ನಾಲ್ಕನೇ ಇಯತ್ತೆ ಬಿಟ್ಟು ಮಗ್ಗಕ್ಕೆ ಕೂತವನು. ದಡಿಗೆ ಎಳೆ ಎತ್ತಲು ತೂತು ಹಾಕಿದ ರಟ್ಟಿನ ಪಟ್ಟಿ ಇರುತ್ತಿತ್ತು, ಅದನ್ನು ನಂಬಿ ಇಷ್ಟು ವರ್ಷ ನೇಯ್ದೆ. ರಟ್ಟು ಹರಿಯುತ್ತದೆ, ಇಲಿ ತಿನ್ನುತ್ತದೆ. ಆದರೆ ತನ್ನ ತೂತು ತಾನೇ ಸರಿಸಿಕೊಳ್ಳುವುದಿಲ್ಲ. ನೀನು ಹೇಳಿದೆ ಎಂದು ರಟ್ಟು ಅಟ್ಟಕ್ಕೆ ಹಾಕಿ, ಅದರ ಬದಲು ಎಳೆ ಎತ್ತುವ ಈ ಪೆಟ್ಟಿಗೆ ಕಟ್ಟಿಸಿಕೊಂಡೆ. ನನ್ನನ್ನು ನೋಡಿ ಓಣಿಯ ಏಳು ಮನೆಯವರು ಕಟ್ಟಿಸಿಕೊಂಡರು. ನಾನು ತೆಗೆದರೆ ಅವರೂ ತೆಗೆಯುತ್ತಾರೆ. ಅದು ನಿನಗೆ ಗೊತ್ತು. ನನಗೂ ಗೊತ್ತು.

ಫೋನ್ ಮಾಡಬೇಡ. ಮಗ್ಗದ ಸಪ್ಪಳಕ್ಕೆ ಕಿವಿ ಅರ್ಧ ಹೋಗಿವೆ, ಕೇಳಿದ ಅರ್ಧಕ್ಕೆ ಸಿಟ್ಟು ಬಂದು ಇಟ್ಟುಬಿಡುತ್ತೇನೆ. ನಮ್ಮ ನರಗುಂದ ಬಸ್ಸಿನ ಕಂಡಕ್ಟರ್ ಯಮನೂರನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡು.

ಇಲ್ಲಿ ಎಲ್ಲರೂ ಚಲೋ ಇದ್ದೇವೆ. ನಿನ್ನ ದೊಡ್ಡವ್ವನ ಮೊಣಕಾಲು ನೋವು ಹಾಗೇ ಇದೆ. ನೀನು ಪ್ರೋಗ್ರಾಮು ಬರೆಯುವ ಭಾಷೆಯ ಹೆಸರು ರಸ್ಟ್, ಅಂದರೆ ತುಕ್ಕು ಎಂದು ಸುದೀಪ ಹೇಳಿದ. ಒಳ್ಳೆಯದು. ಮುಂಚೆಯೇ ಹೇಳಿದ್ದರೆ ಪೆಟ್ಟಿಗೆಯನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ.

ಸಿಟ್ಟಿನಲ್ಲಿರುವ ನಿನ್ನ ದೊಡ್ಡಪ್ಪ,
ಗವಿಸಿದ್ದಪ್ಪ


ನರಗುಂದ
14 ಜೂನ್ 2025

ದೊಡ್ಡಪ್ಪನವರಿಗೆ,

ನಿಮ್ಮ ಮಗ್ಗದ ಪಕ್ಕ ಕೂತು ಬೈಸಿಕೊಂಡಂತೆಯೇ ನಿಮ್ಮ ಕಾಗದ ಓದಿದೆ. ತಪ್ಪು ನನ್ನದೇ. ಹೇಗೆ ಆಯಿತೆಂದು ಬರೆಯುತ್ತೇನೆ, ಓದಿ ಮುಗಿಸಿದ ಮೇಲೆ ಬೈಯಿರಿ.

ದೊಡ್ಡವ್ವನಿಗೆ ಪೆಟ್ಟಿಗೆಯ ಹಸಿರು ದೀಪ ಸರಿಯಾಗಿ ಕಾಣುವುದಿಲ್ಲ ಎಂದು ಅದನ್ನು ಕೇಸರಿ ಮಾಡಿದೆ. ನಾನು ಬದಲಿಸಿದ್ದು ಅಷ್ಟೇ. ಆದರೆ ಪ್ರೋಗ್ರಾಮು ಪೂರ್ತಿ ನನ್ನ ಕೈಯದಲ್ಲ. ನೀವು ರೇಷ್ಮೆ ಬೆಳೆಯುವುದಿಲ್ಲ, ಬಣ್ಣ ಹಾಕುವುದಿಲ್ಲ, ಹೊರಗಿನಿಂದ ತರುತ್ತೀರಿ. ಹಾಗೆಯೇ ನಾನೂ ಬೇರೆಯವರು ಬರೆದಿಟ್ಟದ್ದನ್ನು ತಂದು ನನ್ನದರಲ್ಲಿ ಸೇರಿಸುತ್ತೇನೆ. ರಸ್ಟ್‌ನಲ್ಲಿ ಅಂಥ ಒಂದೊಂದು ಗಂಟಿಗೂ ಕ್ರೇಟ್ ಎನ್ನುತ್ತಾರೆ. ನಾನು ತಂದದ್ದು ಹನ್ನೊಂದು ಕ್ರೇಟು. ಅವುಗಳನ್ನು ಬರೆದವರು ಇನ್ನೂ ಯಾರಿಂದಲೋ ತಂದಿರುತ್ತಾರೆ. ನಿಮ್ಮ ಕಾಗದ ಬಂದ ದಿನ ಎಲ್ಲ ಬಿಚ್ಚಿ ಎಣಿಸಿದೆ. ನೂರ ಮೂವತ್ತೆಂಟು ಇದ್ದವು.

ಯಾವುದರ ಎಷ್ಟನೇ ಆವೃತ್ತಿ ತಂದೆವು ಎಂದು ಬರೆದಿಡುವ ಒಂದು ಕಡತ ಇರುತ್ತದೆ. ಅದಕ್ಕೆ ಲಾಕ್ ಎಂದೇ ಹೆಸರು. ಅದು ಇದ್ದರೆ ಪ್ರತಿ ಸಲವೂ ಅದೇ ಕ್ರೇಟು, ಅದೇ ಆವೃತ್ತಿ. ನಾನು ಅದನ್ನು ಕಸ ಎಂದು ತಿಳಿದು ಜೋಪಾನ ಮಾಡಿರಲಿಲ್ಲ. ಆದ್ದರಿಂದ ದೀಪ ಬದಲಿಸಿ ಮತ್ತೆ ಕಟ್ಟಿದಾಗ, ನನಗೆ ಹೇಳದೆ ಕೇಳದೆ ಒಂದು ಕ್ರೇಟಿನ ಹೊಸ ಆವೃತ್ತಿ ಒಳಗೆ ಬಂದು ಕೂತಿತು. ಎಳೆಯ ಲೆಕ್ಕದಲ್ಲಿ ಅರ್ಧ ಬಂದರೆ ಹಳೆಯದು ಮೇಲಿನ ಪೂರ್ಣ ಸಂಖ್ಯೆ ಹಿಡಿಯುತ್ತಿತ್ತು, ಹೊಸದು ಕೆಳಗಿನದು ಹಿಡಿಯುತ್ತದೆ. ನಿಮ್ಮ ಗೋಪುರ ಅಲ್ಲಿ ವಾಲಿತು.

ಪೆಟ್ಟಿಗೆ ಮಾಡಿದವರು ನಾಲ್ಕು ದಿನದಿಂದ ಕೊಣ್ಣೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದಾರೆ. ಸಂಜೆ ಬಂದಾಗ ನಿಮ್ಮ ಕಾಗದ ಓದಿ ಹೇಳಿದೆ. "ಎಷ್ಟ ಎಳಿ ಸರದೇತಂತ, ಬರದಾರೇನು" ಎಂದು ಕೇಳಿದರು. ಬೇರೆ ಏನೂ ಕೇಳಲಿಲ್ಲ. ಅವರ ಬಗ್ಗೆ ನಿಮ್ಮ ಕಾಗದದಲ್ಲಿ ಒಂದು ಮಾತೂ ಇರಲಿಲ್ಲ. ಪೆಟ್ಟಿಗೆ ಮಾಡಿದ ನನ್ನ ಗಂಡನ ಹೆಸರು ಹಾಲೇಶ, ದೊಡ್ಡಪ್ಪ. ಮದುವೆಗೆ ನೀವು ಬಂದಿರಲಿಲ್ಲ, ಮೂರು ವರ್ಷವೂ ಆಯಿತು. ಮರೆತಿದ್ದರೆ ನೆನಪಿಗಿರಲಿ ಎಂದು ಬರೆದೆ.

ದೀಪಾವಳಿಯ ತನಕ ಪೆಟ್ಟಿಗೆ ತೆಗೆಯಬೇಡಿ. ಅಷ್ಟರೊಳಗೆ, ಪರೀಕ್ಷೆ ಮಾಡದ ಒಂದು ಅಕ್ಷರವೂ ನಿಮ್ಮ ಮಗ್ಗಕ್ಕೆ ಬಾರದಂತೆ ಮಾಡುತ್ತೇನೆ. ಆಮೇಲೂ ಗೋಪುರ ವಾಲಿದರೆ ನಾನೇ ಬಂದು ಎಂಟೂ ಮನೆಯ ಪೆಟ್ಟಿಗೆ ಬಿಚ್ಚಿಕೊಂಡು ಹೋಗುತ್ತೇನೆ.

ದೊಡ್ಡವ್ವನ ಮೊಣಕಾಲಿಗೆ ಎಣ್ಣೆ ಕಳಿಸಿದ್ದೇನೆ, ಬಾಟಲಿ ಯಮನೂರಣ್ಣನ ಚೀಲದಲ್ಲಿದೆ.

ನಿಮ್ಮ ಮನೆಯಲ್ಲಿ ಬೆಳೆದ,
ಭುವನೇಶ್ವರಿ


ಗಜೇಂದ್ರಗಡ
2 ಜುಲೈ 2025

ಭುವನಾ,

ಒಂದೆಳೆ. ಒಂದೇ ಎಳೆ ಎಡಕ್ಕೆ ಸರಿದದ್ದು. ಕೇಳಿದವರಿಗೆ ಹೇಳು.

ಪರೀಕ್ಷೆ ಮಾಡುತ್ತೇನೆ ಅಂತ ಬರೆದಿದ್ದೀ. ಏನು ಪರೀಕ್ಷೆ, ಯಾರು ಮಾಡುವವರು? ಮಾಡುವವನಿಗೆ ಸಿಟ್ಟು ಬರುತ್ತದೋ ಇಲ್ಲವೋ? ಸಿಟ್ಟು ಬಾರದವನು ಪರೀಕ್ಷೆ ಮಾಡಿ ಉಪಯೋಗವಿಲ್ಲ, ಎಲ್ಲವನ್ನೂ ಹೂಂ ಅಂತಾನೆ.

ಬಣ್ಣ ಹಾಕಿದ ನೂಲಿನ ಲಡಿ ಬಂದಾಗ ನಾವು ಏನು ಮಾಡುತ್ತೇವೆಂದು ಮರೆತಿಲ್ಲ ತಾನೆ? ನಿಮ್ಮಪ್ಪ ತೀರಿಕೊಂಡ ವರ್ಷ ನೀನು ನಮ್ಮ ಮನೆಗೆ ಬಂದೆ, ಒಂಬತ್ತು ವರ್ಷದವಳು. ಆಗ ಆ ಕೆಲಸ ನಿನ್ನದೇ ಇತ್ತು. ಲಡಿ ನೀರಿನಲ್ಲಿ ಅದ್ದಬೇಕು, ಬಿಳಿ ಅರಿವೆಯಲ್ಲಿ ಸುತ್ತಿ ತಿಕ್ಕಬೇಕು, ಹಿಂಡಬೇಕು. ಅರಿವೆಗೆ ಬಣ್ಣ ಹತ್ತಿದರೆ ಲಡಿ ವಾಪಸ್. ನಮ್ಮ ಸೆರಗು ಕೆಂಪು, ಅದರಲ್ಲಿ ನೇಯ್ದ ತೆನೆಯ ಚಿತ್ರ ಬಿಳಿ. ಕೆಂಪು ಬಿಟ್ಟರೆ ತೆನೆಯ ಕಥೆ ಮುಗಿಯಿತು. ನೋಡಿದ ಅರಿವೆಯನ್ನು ಬಾಗಿಲ ಪಕ್ಕದ ಮೊಳೆಗೆ ಸಿಗಿಸುವುದು, ಬಂದ ಬಣ್ಣಗಾರರೆಲ್ಲ ನೋಡಲಿ ಅಂತ. ನಿನ್ನ ನೂರ ಮೂವತ್ತೆಂಟು ಗಂಟಿಗೆ ಅಂಥದ್ದೊಂದು ಅರಿವೆ ಇದೆಯೋ ಇಲ್ಲವೋ, ಅದನ್ನು ಹೇಳು. ಇಲ್ಲಿಯ ಬಿಳಿ ಅರಿವೆಯ ಒಂದು ತುಂಡು ಈ ಕಾಗದದೊಳಗೆ ಇಟ್ಟಿದ್ದೇನೆ.

ಬಣ್ಣಗಾರ ಬಾಷಾಸಾಬನ ಲಡಿ ಮಾತ್ರ ತಿಕ್ಕುವುದಿಲ್ಲ. ಮೂವತ್ತು ವರ್ಷದ ಗೆಳೆತನ. ಅವನು ಹಾಕಿದ ಕೆಂಪು ತಿಕ್ಕಿದರೆ ಅವನ ಮುಖಕ್ಕೆ ಉಗುಳಿದ ಹಾಗೆ.

ರೋಣದ ಹುಚ್ಚವ್ವನ ಮನೆಯಿಂದ ಮದುವೆಗೆ ಐದು ಸೀರೆ ಹೇಳಿದ್ದಾರೆ. ಅವರ ಮನೆಗೆ ನಮ್ಮಪ್ಪನ ಕಾಲದಿಂದ ನಮ್ಮದೇ ಸೀರೆ. ನಾಲ್ಕಕ್ಕೆ ಸಣ್ಣ ದಡಿ, ಮದುಮಗಳದು ಅಗಲ ದಡಿ, ಅದು ಕೊನೆಗೆ. ಐದನ್ನೂ ನಿನ್ನ ಪೆಟ್ಟಿಗೆಯ ಮೇಲೆ ನೇಯುತ್ತೇನೆ. ಐದೂ ಸರಿ ಬಂದರೆ ಪೆಟ್ಟಿಗೆ ಇರುತ್ತದೆ. ಒಂದು ಕೆಟ್ಟರೆ ಅಟ್ಟದಿಂದ ರಟ್ಟು ಇಳಿಸುತ್ತೇನೆ. ದೀಪಾವಳಿ ಅಂತ ನೀನೇ ಅಂದಿದ್ದೀ, ಆಗಲಿ.

ಎಣ್ಣೆ ಹಚ್ಚಿಕೊಂಡ ಮೇಲೆ ನಿನ್ನ ದೊಡ್ಡವ್ವ ಮನೆ ತುಂಬ ಓಡಾಡುತ್ತಾಳೆ. ನನ್ನ ಹಿಂದೆಯೇ ಓಡಾಡುತ್ತಾಳೆ, ಅದೊಂದು ತ್ರಾಸು.

ಇಂತಿ,
ಗವಿಸಿದ್ದಪ್ಪ


ನರಗುಂದ
21 ಜುಲೈ 2025

ದೊಡ್ಡಪ್ಪ,

ನಿಮ್ಮ ಬಿಳಿ ತುಂಡನ್ನು ನನ್ನ ಕಂಪ್ಯೂಟರಿನ ಮೇಲಿನ ಮೊಳೆಗೆ ಸಿಗಿಸಿದ್ದೇನೆ. ಚಿಕ್ಕನರಗುಂದದಿಂದ ಅತ್ತೆ ಮಾಳವ್ವ ಬಂದಿದ್ದರು. "ಇದ್ಯಾಕವ್ವ, ಕೈ ಒರಸೂ ಅರಿವಿ ದೇವರ ಪಟದಂಗ ತೂಗ ಹಾಕೀದಿ" ಎಂದರು. "ನಮ್ಮ ದೊಡ್ಡಪ್ಪ ಕಳಿಸ್ಯಾರ್ರೀ ಅತ್ತಿ" ಎಂದೆ. "ಹಂಗಾರ ಮುಟ್ಟಂಗಿಲ್ಲ ಬಿಡು" ಎಂದು ಕೈ ಹಿಂದೆ ತೆಗೆದರು.

ನಮಗೂ ಅಂಥ ಅರಿವೆ ಇದೆ. ಇಷ್ಟು ದಿನ ಇತ್ತು, ನಾನು ಬಳಸಿರಲಿಲ್ಲ. ಈಗ ನಾನು ಒಂದು ಚುಕ್ಕೆ ಬದಲಿಸಿದರೂ ಅದು ನೇರ ನಿಮ್ಮ ಪೆಟ್ಟಿಗೆಗೆ ಬರುವುದಿಲ್ಲ. ನಡುವೆ ಬಾಗಿಲು ಕಟ್ಟಿದ್ದೇನೆ. ಬಾಗಿಲಲ್ಲಿ ಮನುಷ್ಯರಿಲ್ಲ, ಪರೀಕ್ಷೆಗಳು ತಾವೇ ಓಡುತ್ತವೆ. ಲಾಕ್ ಕಡತ ಒಂದಕ್ಷರ ಹೆಚ್ಚುಕಡಿಮೆಯಾದರೂ ಬಾಗಿಲು ತೆರೆಯುವುದಿಲ್ಲ. ನಿಮ್ಮ ಗೋಪುರದ ದಡಿಯನ್ನು ಕಂಪ್ಯೂಟರಿನೊಳಗಿನ ಒಂದು ಸುಳ್ಳು ಮಗ್ಗದ ಮೇಲೆ ನೇಯ್ದು, ಎಳೆಗೆ ಎಳೆ ಹೋಲಿಸಿ ನೋಡುತ್ತದೆ. ಆ ವಾಲಿದ ಗೋಪುರವನ್ನು ಬೇಕೆಂದೇ ಕೊಟ್ಟು ನೋಡಿದೆ, ಕೂಡಲೇ ಕೆಂಪು ಗುರುತು ಹಾಕಿ ನಿಲ್ಲಿಸಿತು. ಅವತ್ತು ನನಗೆ ಊಟ ರುಚಿಸಿತು.

ಸಿಟ್ಟಿನ ಬಗ್ಗೆ ಕೇಳಿದಿರಿ. ನಾನು ಬರೆದ ಪ್ರೋಗ್ರಾಮು ಓದಿ ತಪ್ಪು ಹುಡುಕುವ ಕ್ಲಿಪ್ಪಿ ಎಂಬುದೊಂದಿದೆ, ಅದು ಥೇಟ್ ನಿಮ್ಮ ಹಾಗೆ. ತಪ್ಪಾದರೆ ಸರಿ, ತಪ್ಪಲ್ಲದ್ದಕ್ಕೂ "ಇದನ್ನು ಇಷ್ಟು ಸುತ್ತಿ ಬಳಸಿ ಯಾಕೆ ಬರೆದೆ" ಎಂದು ಗದರುತ್ತದೆ. ಮೊದಲ ದಿನ ನಲವತ್ತೇಳು ಕಡೆ ಗದರಿತು. ಎರಡು ದಿನ ಮುನಿಸಿಕೊಂಡು ಕೂತೆ. ಆಮೇಲೆ ನೋಡಿದರೆ ಮುಕ್ಕಾಲು ಪಾಲು ಅದರ ಮಾತೇ ಖರೇ ಇತ್ತು.

ಹೊರಗಿನ ಗಂಟುಗಳಿಗೆ ಇರುವುದು ಆಡಿಟ್. ಯಾವ ಕ್ರೇಟಿನಲ್ಲಿ ಏನು ದೋಷ ಸಿಕ್ಕಿತು ಎಂದು ಲೋಕದ ಜನ ಒಂದು ಕಡೆ ಬರೆದಿಡುತ್ತಾರೆ. ಅದು ನಿಮ್ಮ ಬಾಗಿಲ ಮೊಳೆ ಇದ್ದ ಹಾಗೆ, ಯಾರು ಬೇಕಾದರೂ ನೋಡಬಹುದು. ಆಡಿಟ್ ಆ ಪಟ್ಟಿಯನ್ನೂ ನನ್ನ ಲಾಕ್ ಕಡತವನ್ನೂ ಎದುರು ಬದುರು ಇಟ್ಟು ನೋಡುತ್ತದೆ. ನಾನು ಏನೂ ಬದಲಿಸದ ದಿನವೂ ಬೆಳಗ್ಗೆ ಆರಕ್ಕೆ ನೋಡುತ್ತದೆ. ನಿನ್ನೆ ತನಕ ಚಲೋ ಇದ್ದ ಗಂಟಿನ ದೋಷ ಇವತ್ತು ಗೊತ್ತಾಗಬಹುದಲ್ಲ. ನಾಲ್ಕು ಕ್ರೇಟು ಸಿಕ್ಕಿಬಿದ್ದವು. ಮೂರನ್ನು ಬದಲಿಸಿದೆ.

ಒಂದನ್ನು ಬಿಟ್ಟಿದ್ದೇನೆ. ದಡಿಯ ಚಿತ್ರ ಓದುವ ಕ್ರೇಟು ಅದು. ದೊಡ್ಡ ಚಿತ್ರ ಬಂದರೆ ಸಾಲು ತಪ್ಪಬಹುದು ಎಂದು ಪಟ್ಟಿಯಲ್ಲಿದೆ, ಬರೆದವರು ಅದನ್ನು ನೋಡಿಕೊಳ್ಳುವುದನ್ನು ನಿಲ್ಲಿಸಿದ್ದಾರೆ ಎಂದೂ ಇದೆ. ಎಲ್ಲೋ ದೂರದೇಶದ ಒಬ್ಬ ಮುದುಕರು. ನಾನು ಹೊಸದಾಗಿ ಕಲಿಯುವಾಗ ನನ್ನ ದಡ್ಡ ಪ್ರಶ್ನೆಗಳಿಗೆಲ್ಲ ಎರಡು ವರ್ಷ ಬೇಸರಿಸದೆ ಉತ್ತರ ಬರೆದವರು. ಅವರದ್ದನ್ನು ಕಿತ್ತು ಹಾಕಲು ಮನಸ್ಸು ಬರಲಿಲ್ಲ. ನಮ್ಮ ಚಿತ್ರ ಸಣ್ಣವು ಎಂದು, ಇದೊಂದಕ್ಕೆ ಗದರಬೇಡ ಎಂದು ಆಡಿಟ್‌ಗೆ ಬರೆದುಕೊಟ್ಟಿದ್ದೇನೆ. ಒಂದೇ ಒಂದು ಸಾಲು.

ಒಂದೆಳೆ ಎಂದು ನಮ್ಮ ಮನೆಯವರಿಗೆ ಹೇಳಿದೆ. ಪೆಟ್ಟಿಗೆಯ ಒಳಗೂ ಒಮ್ಮೆ ನೋಡಬೇಕು ಎಂದರು. ಅದಕ್ಕೆ ನಿಮ್ಮ ಮನೆಗೆ ಬರಬೇಕಾಗುತ್ತದೆ, ಆದ್ದರಿಂದ ಮಾತು ಅಲ್ಲಿಗೆ ನಿಂತಿತು.

ಇಂತಿ ನಿಮ್ಮ,
ಭುವನಾ


ಗಜೇಂದ್ರಗಡ
4 ಆಗಸ್ಟ್ 2025

ಭುವನಾ,

ಪಂಚಮಿ ಉಂಡಿ ಕಳಿಸಿದ್ದೇನೆ. ಎಳ್ಳಿನವು, ಶೇಂಗಾದವು, ರವೆಯವು. ದ್ರಾಕ್ಷಾಯಣಿ ಇಬ್ಬರಿಗೆ ಆಗುವಷ್ಟು ಕಟ್ಟಿದ್ದಾಳೆ. ಅದು ಅವಳ ಲೆಕ್ಕ, ನನ್ನನ್ನು ಕೇಳಿ ಕಟ್ಟಿದ್ದಲ್ಲ.

ನಿನ್ನ ಬಾಗಿಲ ವಿಷಯ ಸುದೀಪ ಎರಡು ಸಲ ಓದಿ ಹೇಳಿದ. ಆ ಕ್ಲಿಪ್ಪಿ ನನಗೆ ಮನಸ್ಸಿಗೆ ಬಂತು. ಆ ಒಂದನ್ನು ಬಿಟ್ಟದ್ದೂ ಸರಿ ಮಾಡಿದಿ. ಕಲಿಸಿದವರ ನೂಲನ್ನು ತಿಕ್ಕಬಾರದು. ಬಾಷಾಸಾಬನ ವಿಷಯದಲ್ಲಿ ನಾನು ಮಾಡುವುದೂ ಅದೇ. ಈ ಬುದ್ಧಿ ನಿನಗೆ ನಮ್ಮ ಮನೆಯಿಂದಲೇ ಬಂದಿದೆ.

ಮೊದಲನೇ ಸೀರೆ ಇಳಿಯಿತು. ಗೋಪುರ ನೆಟ್ಟಗೆ ನಿಂತಿದೆ. ಎಣಿಸಿ ನೋಡಿದೆ, ಒಂದೆಳೆ ಅತ್ತಿತ್ತ ಇಲ್ಲ. ಹುಚ್ಚವ್ವನ ಮನೆಯವರು ನಿಶ್ಚಯದ ದಿನ ಹುಡುಗಿಗೆ ಉಡಿಸಬೇಕೆಂದು ಒಯ್ದಿದ್ದಾರೆ. ಸುದೀಪ "ಅಕ್ಕಗ ಚಲೋ ಆಗೇತಿ ಅಂತ ಬರೀರಿ" ಅಂದ. ಬರೆದಿದ್ದೇನೆ.

ನಾನು ಕೇಳಿರಲಿಲ್ಲ, ಯಮನೂರನೇ ಹೇಳಿದ. ಅವನ ಬಸ್ಸು ನರಗುಂದ ಮುಟ್ಟುವ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನಿಮ್ಮ ಮನೆಯವನೊಬ್ಬ ಕಾಯುತ್ತಿರುತ್ತಾನಂತೆ. ಕಾಗದ ಇಲ್ಲದ ದಿನವೂ ಬಂದು ಕೇಳಿ ಹೋಗುತ್ತಾನಂತೆ. "ಮನಷ್ಯಾ ಚಲೋ ಅದಾನ್ರಿ" ಅಂದ. ಕಂಡಕ್ಟರ್ ಟಿಕೆಟ್ ಹರಿಯಬೇಕು, ಮನುಷ್ಯರನ್ನು ತೂಗಬಾರದು ಅಂದೆ.

ಇಂತಿ,
ಗವಿಸಿದ್ದಪ್ಪ


ಗಜೇಂದ್ರಗಡ
11 ಸೆಪ್ಟೆಂಬರ್ 2025

ಭುವನಾ,

ಸೀರೆ ವಾಪಸ್ ಬಂತು.

ಹುಚ್ಚವ್ವ ತಾನೇ ರೋಣದಿಂದ ಬಸ್ಸು ಹತ್ತಿ ಬಂದಳು, ಎಂಬತ್ತರ ಮುದುಕಿ. ನಿಶ್ಚಯದ ದಿನ ಯಾರದೋ ಕೈಯಿಂದ ನೀರಿನ ತಂಬಿಗೆ ಹುಡುಗಿಯ ಸೆರಗಿನ ಮೇಲೆ ಬಿತ್ತಂತೆ. ಕೆಂಪು ಹರಿದು ಬಿಳಿ ತೆನೆಯೆಲ್ಲ ಎಲೆ ಅಡಿಕೆ ಉಗುಳಿದ ಹಾಗಾಗಿದೆ. ನಮ್ಮ ಕಟ್ಟೆಯ ಮೇಲೆ ಸೀರೆ ಹಾಸಿ, "ಗವಿಸಿದ್ದಪ್ಪಾ, ನಿಮ್ಮಪ್ಪ ನನ್ನ ಮದುವಿಗೆ ನೇಯ್ದ ಸೀರಿ ಇನ್ನೂ ಟ್ರಂಕಿನ್ಯಾಗ ಐತಿ. ಆ ತೆನಿ ಇನ್ನೂ ಬೆಳ್ಳಗ ಐತಿ" ಅಂದಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಬೈಯಲಿಲ್ಲ.

ನಾನು ಏನು ಮಾಡಿದೆ, ಹೇಳುತ್ತೇನೆ. ಒಳಗೆ ಹೋಗಿ ನಿನಗೆ ಒಂದು ಕಾಗದ ಬರೆದೆ. ಪೆಟ್ಟಿಗೆ ಬಂದಾಗಿನಿಂದ ನನ್ನ ಮನೆಗೆ ಶನಿ ಹೊಕ್ಕಿದೆ ಅಂತ ಬರೆದು ಯಮನೂರನ ಕೈಗೆ ಕೊಟ್ಟು ಮನೆಗೆ ಬಂದೆ. ಸುದೀಪ ಬಾಗಿಲಲ್ಲಿ ನಿಂತಿದ್ದ. "ಅಪ್ಪಾ, ಪೆಟ್ಟಿಗಿ ಎಳಿ ಎತ್ತತೈತಿ. ಬಣ್ಣ ಹಾಕೂದಿಲ್ಲ" ಅಂದ. ಅಷ್ಟೇ ಅಂದು ಒಳಗೆ ಹೋದ. ನಾನು ತಿರುಗಿ ಸ್ಟ್ಯಾಂಡು ಮುಟ್ಟುವ ಹೊತ್ತಿಗೆ ಬಸ್ಸು ಗೇರು ಹಾಕಿತ್ತು. ಈ ವಯಸ್ಸಿನಲ್ಲಿ ಬಸ್ ಸ್ಟ್ಯಾಂಡಿನ ಜನದ ನಡುವೆ ಧೋತರ ಎತ್ತಿ ಓಡಿ ಆ ಕಾಗದ ವಾಪಸ್ ತೆಗೆದುಕೊಂಡೆ. ಯಮನೂರ, "ಸಿಟ್ಟಿಗೂ ರಿಟರ್ನ್ ಟಿಕೆಟ್ ಮಾಡಿಸೀರೇನ್ರಿ" ಅಂದ.

ಅಲ್ಲಿಂದ ನೆಟ್ಟಗೆ ಬಾಷಾಸಾಬನ ಹತ್ತಿರ ಹೋದೆ. ಅಂಗಳದಲ್ಲಿ ಕೂತಿದ್ದ. ಅವನ ಹೊಸ ಲಡಿ ಒಂದನ್ನು ನೀರಿನಲ್ಲಿ ಅದ್ದಿ, ಅರಿವೆಯಲ್ಲಿ ಸುತ್ತಿ, ಅವನೆದುರೇ ತಿಕ್ಕಿದೆ. ಅರಿವೆ ಕೆಂಪಾಯಿತು. ಹಿಡಿದು ತೋರಿಸಿದೆ. ಅವನು ಅರಿವೆಯ ಕಡೆ ನೋಡಲಿಲ್ಲ. ಕೈ ಚಾಚಿ ಹುಡುಕಿದ.

"ಕಾಣವಲ್ದೇನೋ ಬಾಷಾ" ಅಂದೆ.

"ಒಂದ ವರ್ಷ ಆತು, ಗವಿಸಿದ್ದಪ್ಪಾ. ಹೊಗಿ ಕವಿದಂಗ ಆಗೇತಿ. ಬಣ್ಣ ಹಾಕಿದ ಮ್ಯಾಲ ನೀರು ತಿಳಿ ಆಗೂ ತನಕ ತೊಳೀಬೇಕು. ತಿಳಿ ಆತೋ ಇಲ್ಲೋ ನನಗ ಕಾಣಂಗಿಲ್ಲ. ಅಂದಾಜಿಲೆ ತೊಳೀತೀನಿ."

"ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?"

"ಉಳದವರೆಲ್ಲ ತಿಕ್ಕಿ ನೋಡಿ ಸುಮ್ನ ನನಗ ನೂಲು ಕೊಡೂದು ಬಿಟ್ರು. ಯಾಕಂತ ಯಾರೂ ಹೇಳಲಿಲ್ಲ. ನೀ ಒಬ್ಬನ ಕೊಡಾಕತ್ತಿದ್ದಿ. ಗವಿಸಿದ್ದಪ್ಪ ತುಟಿ ಪಿಟಕ್ ಅನ್ನವಲ್ಲ ಅಂದ್ರ ನನ್ನ ಕೆಂಪು ಇನ್ನೂ ಚಲೋ ಐತಿ ಅಂತ ತಿಳಕೊಂಡಿದ್ದೆ."

ಅವನ ಮುಖಕ್ಕೆ ಉಗುಳಬಾರದು ಅಂತ ನಾನು ತಿಕ್ಕಿರಲಿಲ್ಲ. ಅವನು ನನ್ನ ಬಾಯಿಯನ್ನೇ ತನ್ನ ಕಣ್ಣು ಮಾಡಿಕೊಂಡು ಕೂತಿದ್ದ. ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನಂಥ ಬಾಯಿಬಡುಕ ಜೀವಮಾನದಲ್ಲಿ ಒಂದು ಕಡೆ ಸುಮ್ಮನಿದ್ದೆ, ಅದೂ ಎಲ್ಲಿ ಮಾತಾಡಬೇಕಿತ್ತೋ ಅಲ್ಲಿ.

ಹುಚ್ಚವ್ವನಿಗೆ ದೀಪಾವಳಿಗೆ ಐದೂ ಹೊಸದಾಗಿ ಕೊಡುತ್ತೇನೆ ಅಂದಿದ್ದೇನೆ. ಇದನ್ನು ಪೆಟ್ಟಿಗೆಯ ತಪ್ಪೆಂದು ನಾನು ಎಣಿಸಿಲ್ಲ. ನಮ್ಮ ಮಾತು ಹಾಗೇ ಇದೆ.

ಇನ್ನೊಂದು. ನೀನು ಬಿಟ್ಟ ಆ ಒಂದು ಸಾಲು. ಸರಿ ಮಾಡಿದಿ ಅಂತ ಹೋದ ಕಾಗದದಲ್ಲಿ ಬರೆದಿದ್ದೆ. ಆ ಮಾತನ್ನು ಹೊಡೆದುಹಾಕು. ಸಾಲನ್ನೂ ತೆಗೆ. ಇವತ್ತೇ ತೆಗೆ.

ಗವಿಸಿದ್ದಪ್ಪ


ನರಗುಂದ
28 ಸೆಪ್ಟೆಂಬರ್ 2025

ದೊಡ್ಡಪ್ಪ,

ನಿಮ್ಮ ಕಾಗದ ಓದಿದ ದಿನವೇ ಆ ಸಾಲು ತೆಗೆದೆ. ಬಾಗಿಲು ಕೂಡಲೇ ಮುಚ್ಚಿತು. ಹದಿನೈದು ದಿನ ಮುಚ್ಚಿಯೇ ಇತ್ತು.

ಮದುಮಗಳ ಅಗಲ ದಡಿಯ ಚಿತ್ರವನ್ನು ಸುದೀಪನಿಂದ ತರಿಸಿ, ಹಳೆಯ ಕ್ರೇಟನ್ನು ಇಟ್ಟುಕೊಂಡೇ ಸುಳ್ಳು ಮಗ್ಗದ ಮೇಲೆ ಹಾಕಿದೆ. ಮುನ್ನೂರು ಸಾಲಿನ ತನಕ ಸರಿ. ಅಲ್ಲಿಂದ ಮುಂದೆ ಓದಿದ್ದನ್ನೇ ಮತ್ತೆ ಓದುತ್ತದೆ. ಗೋಪುರದ ಮೇಲೆ ಕಳಸ ಬರುವುದೇ ಇಲ್ಲ, ಗೋಪುರವೇ ಬೆಳೆಯುತ್ತ ಹೋಗುತ್ತದೆ. ನಮ್ಮ ಚಿತ್ರ ಸಣ್ಣವು ಎಂದು ಬರೆದುಕೊಟ್ಟಿದ್ದೆನಲ್ಲ, ಅಗಲ ದಡಿ ಎಂದು ನೀವು ಅದಕ್ಕೂ ಮುಂಚೆ ನನಗೆ ಬರೆದಿದ್ದಿರಿ. ಓದಿದ್ದೆ. ಎರಡನ್ನೂ ಕೂಡಿಸಿ ನೋಡಿರಲಿಲ್ಲ. ನೀವು ಬೈಯದೇ ಇದ್ದಿದ್ದರೆ ಆ ಸೀರೆಯನ್ನು ಮಗ್ಗದ ಮೇಲೆಯೇ ಕೆಡಿಸುತ್ತಿದ್ದೆ.

ಬೇರೆ ಕ್ರೇಟು ತಂದೆ. ಅದಕ್ಕೆ ತಕ್ಕ ಹಾಗೆ ನನ್ನದನ್ನು ತಿದ್ದಿದೆ. ಕ್ಲಿಪ್ಪಿ ಆರು ಕಡೆ ಗದರಿತು, ಈ ಸಲ ವಾದ ಮಾಡಲಿಲ್ಲ. ನಿನ್ನೆ ಬೆಳಗ್ಗೆ ಎಲ್ಲ ಪರೀಕ್ಷೆಗೂ ಹಸಿರು ಗುರುತು ಬಿತ್ತು. ಅಗಲ ದಡಿಯೂ ಈಗ ದಿನದ ಪರೀಕ್ಷೆಯಲ್ಲಿದೆ, ಕಳಸ ಬರದಿದ್ದರೆ ಬಾಗಿಲು ತೆರೆಯುವುದಿಲ್ಲ.

ಆ ಹಿರಿಯರಿಗೂ ಒಂದು ಪತ್ರ ಬರೆದೆ, ದೋಷ ಎಲ್ಲಿದೆ ಎಂದು ಸಾಲಿನ ಸಂಖ್ಯೆ ಹಾಕಿ. ಇನ್ನೂ ಉತ್ತರ ಬಂದಿಲ್ಲ. ಬಾರದಿದ್ದರೂ ಇರಲಿ, ನಾನು ಅವರ ಬೆನ್ನ ಹಿಂದೆ ಸುಮ್ಮನೆ ಬಿಟ್ಟು ಹೋಗಲಿಲ್ಲ.

ಬಾಷಾಸಾಬ ಕಾಕಾನ ಕಣ್ಣು ಹೇಗಿವೆ? ಚಿಕ್ಕವಳಿದ್ದಾಗ ಅವರು ನನ್ನ ಉಗುರಿಗೆಲ್ಲ ಕೆಂಪು ಹಚ್ಚಿ ಕಳಿಸುತ್ತಿದ್ದರು, ನೀವು ಅದನ್ನೂ ತಿಕ್ಕಿ ನೋಡುತ್ತಿದ್ದಿರಿ.

ಇಂತಿ ನಿಮ್ಮ,
ಭುವನಾ


ಗಜೇಂದ್ರಗಡ
24 ಅಕ್ಟೋಬರ್ 2025

ಭುವನಾ, ಹಾಲೇಶ,

ಐದೂ ಸೀರೆ ಹುಚ್ಚವ್ವನ ಮನೆ ಮುಟ್ಟಿವೆ. ಸುದೀಪ ಕೊಟ್ಟು ಬಂದ. ಆ ಮುದುಕಿ ಅವನನ್ನು ಕೂರಿಸಿ, ಅವನೆದುರೇ ಮದುಮಗಳ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಬಿಳಿ ಪಂಜೆಗೆ ತಿಕ್ಕಿದಳಂತೆ. ಪಂಜೆ ಬೆಳ್ಳಗೇ ಉಳಿಯಿತಂತೆ. "ನಿಮ್ಮಪ್ಪಗ ಸಿಟ್ಟ ಬರತೈತೇನು, ನಾ ತಿಕ್ಕಿದ್ದಕ್ಕ" ಅಂತ ಕೇಳಿದಳಂತೆ. ಬರುವುದಿಲ್ಲ.

ಅಗಲ ದಡಿಯ ಕಳಸ ಬಂದಿದೆ. ಎಣಿಸಿದ್ದೇನೆ. ಪೆಟ್ಟಿಗೆ ಇರುತ್ತದೆ, ಎಂಟೂ ಮನೆಯಲ್ಲಿ ಇರುತ್ತದೆ. ಪಾಡ್ಯದ ದಿನ ರಟ್ಟಿನ ಪಟ್ಟಿಯೆಲ್ಲ ನೀರು ಕಾಯಿಸುವ ಒಲೆಗೆ ಹಾಕಿದೆ. ಬಹಳ ಚಲೋ ಉರಿದವು.

ಬಾಷಾನನ್ನು ಗದಗಿನ ದವಾಖಾನೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ. ಇನ್ನೊಂದಕ್ಕೆ ಮುಂದಿನ ತಿಂಗಳು ಬಾ ಅಂದಿದ್ದಾರೆ. ಅಲ್ಲಿಯ ತನಕ ಅವನ ಮಗ ದಾದಾಪೀರ ತೊಳೆದ ನೀರನ್ನು ಬಿಸಿಲಿಗೆ ಹಿಡಿದು ನೋಡಿ ಹೇಳುತ್ತಾನೆ. ಪಟ್ಟಿ ಬಿಚ್ಚಿದ ದಿನ ಬಾಷಾ ಮೊದಲು ನನ್ನ ಮುಖ ನೋಡಿ, "ಇಷ್ಟ ಮುದುಕ ಆಗೀದೇನೋ" ಅಂದ. ಈಗ ಅವನ ಲಡಿಯನ್ನೂ ತಿಕ್ಕುತ್ತೇನೆ. ತಿಕ್ಕುವಾಗ ಅವನೇ ಅರಿವೆ ಹಿಡಿದು ಕೊಡುತ್ತಾನೆ. ಉಳಿದವರಲ್ಲಿ ಮೂರು ಮಂದಿ ಮತ್ತೆ ಅವನಿಗೆ ನೂಲು ಕೊಟ್ಟಿದ್ದಾರೆ.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. ಸುದೀಪನಿಗೆ ಇದನ್ನು ಓದಲು ಕೊಟ್ಟಿಲ್ಲ, ಅಕ್ಷರ ತಪ್ಪಿದ್ದರೆ ಇರಲಿ.

ಬಾಷಾನ ಲಡಿಯನ್ನು ತಿಕ್ಕದೇ ಒಳಗೆ ತೆಗೆದುಕೊಂಡೆ. ಹಾಲೇಶ, ನಿನ್ನನ್ನು ತಿಕ್ಕದೇ ಹೊರಗೆ ನಿಲ್ಲಿಸಿದೆ. ಕುರಿ ಕಾಯುವವರ ಮನೆ, ನೇಯುವವರ ಮನೆ ಅಂತ ನಿಮ್ಮ ಮದುವೆಯ ಮಾತು ಬಂದಾಗ ಏನೇನೋ ಅಂದೆ. ನಿನ್ನ ಮುಖವನ್ನು ಒಂದು ಸಲ ಕೂಡ ನೋಡಿರಲಿಲ್ಲ. ಎರಡೂ ಒಂದೇ ತಪ್ಪು, ಮಾಡಿದವನೂ ಒಬ್ಬನೇ.

ಐದು ಸೀರೆಯ ಒಂದೊಂದು ಎಳೆಯನ್ನೂ ನಿನ್ನ ಪೆಟ್ಟಿಗೆ ಎತ್ತಿದೆ. ನಾನು ಕುಣಿಯಲ್ಲಿ ಕೂತು ದಿನಾ ನೋಡಿದೆ. ಒಂದು ದಿನವೂ ಸುಳ್ಳು ಎತ್ತಲಿಲ್ಲ.

ಪೆಟ್ಟಿಗೆಯ ಎಡಗಡೆ ಒಂದು ತಿರುಪು ಸಡಿಲಾಗಿದೆ. ಸುದೀಪ ಬಿಗಿ ಮಾಡುತ್ತೇನೆ ಅಂದ, ಬೇಡ ಅಂದೆ. ಮಾಡಿದವನೇ ಬಂದು ಮಾಡಲಿ. ಭಾನುವಾರ ಯಮನೂರನ ಬಸ್ಸಿಗೆ ಇಬ್ಬರೂ ಬರ್ರಿ. ಸ್ಟ್ಯಾಂಡಿನಲ್ಲಿ ಈ ಸಲ ಕಾಯುವವನು ನಾನು. ದ್ರಾಕ್ಷಾಯಣಿ ಈಗಾಗಲೇ ಹೂರಣಕ್ಕೆ ಬೇಳೆ ಆರಿಸುತ್ತಿದ್ದಾಳೆ, ಇನ್ನೂ ಎರಡು ದಿನ ಇದೆ ಅಂದರೆ ಕೇಳುವುದಿಲ್ಲ.

ಮನೆಗೆ ಬಂದ ಮೇಲೆ ತಿಕ್ಕಿ ನೋಡದೆ ಬಿಡುವವನಲ್ಲ ನಾನು. ತಯಾರಾಗಿ ಬಾ. ಬಿಳಿ ಅಂಗಿ ಹಾಕಿಕೊಂಡು ಬಂದರೂ ನಡೆಯುತ್ತದೆ.

ನಿಮ್ಮಿಬ್ಬರ ದೊಡ್ಡಪ್ಪ,
ಗವಿಸಿದ್ದಪ್ಪ